ಎರಿ ಸೀಮೆಯಲ್ಲಿ ಬರೆಯಲು ಕೂತವರು

ನಮ್ಮ ರೋಣದ ಕಡೆ ಹಿಂದೆ ಅಕ್ಷರ ಶುರುವಾಗುತ್ತಿದ್ದದ್ದು ಬರಿ ಬೆರಳಿನಿಂದ. ಹಲಗೆಯ ಮೇಲೆ ಜರಡಿ ಹಿಡಿದ ಸಣ್ಣ ಮಣ್ಣು ಹರಡಿ, ಹುಡುಗನ ತೋರುಬೆರಳು ಹಿಡಿದು ಐಗಳು, ಅಂದರೆ ಸಾಲಿಯ ಗುರುಗಳು, ಓನಾಮ ತಿದ್ದಿಸುತ್ತಿದ್ದರು. ಧೂಳಕ್ಷರ ಎಂದು ಅದರ ಹೆಸರು. ಕೈ ಕುದುರಿದ ಮೇಲೆ ಕಡತ ಬರುತ್ತಿತ್ತು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಅರಿವೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಿಂದ ಬರೆಯಬೇಕು, ಒರೆಸಬೇಕು, ಮತ್ತೆ ಬರೆಯಬೇಕು. ನನ್ನ ಮುತ್ತಜ್ಜ ಕಲಿತದ್ದು ಹೀಗೆ, ಮಠದ ಪಡಸಾಲೆಯಲ್ಲಿ. ಐಗಳಿಗೆ ಪಗಾರ ಇರಲಿಲ್ಲ. ಸುಗ್ಗಿಯಲ್ಲಿ ಜೋಳ, ಅಮಾವಾಸ್ಯೆ ಹುಣ್ಣಿಮೆಗೆ ಎಣ್ಣೆ ಬೆಲ್ಲ, ದೊಡ್ಡ ಹಬ್ಬಕ್ಕೊಂದು ಧೋತರ. ಊರವರ ಕೊಡುಗೆಯ ಮೇಲೆ ಸಾಲಿ ನಡೆಯುತ್ತಿತ್ತು.

ನಾನು ಇದೇ ಸೀಮೆಯಲ್ಲಿ ಕನ್ನಡ ಮಾಸ್ತರನಾಗಿ ದುಡಿದು ನಿವೃತ್ತನಾದವನು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಪಾಠ ಹೇಳಿದ್ದೇನೆ. ಅಕ್ಷರ ಕಲಿಸುವ ಜಾಗಕ್ಕೆ ನಮ್ಮಲ್ಲಿ ಸಾವಿರ ವರ್ಷದ ಚರಿತ್ರೆ ಇದೆ. ಆದರೆ ಮಗು ತನ್ನ ಮಾತನ್ನು ತಾನೇ ಬರೆಯುವ, ಬರೆದದ್ದನ್ನು ಒಬ್ಬ ಹಿರಿಯರು ಪಕ್ಕದಲ್ಲಿ ಕೂತು ಓದುವ ಜಾಗ ಎಲ್ಲಿತ್ತು, ಯಾರು ಕಟ್ಟಿದರು, ಯಾಕೆ ನಿಂತುಹೋಯಿತು ಎಂಬುದನ್ನು ನಾನು ಬಹಳ ವರ್ಷಗಳಿಂದ ಹುಡುಕುತ್ತಿದ್ದೇನೆ. ಸಿಕ್ಕದ್ದನ್ನು ಇಲ್ಲಿ ಹೇಳುತ್ತೇನೆ.

ಹಳೆಯದರಿಂದ ಶುರು ಮಾಡುವುದಾದರೆ ಸೂಡಿಗೆ ಹೋಗಬೇಕು. ಗಜೇಂದ್ರಗಡದ ಹತ್ತಿರದ ಈ ಊರು ಈಗ ಜೋಡುಕಳಸದ ಗುಡಿ ಮತ್ತು ನಾಗಕುಂಡಕ್ಕೆ ಹೆಸರಾಗಿದೆ. ಹನ್ನೊಂದನೆಯ ಶತಮಾನದಲ್ಲಿ ಅದು ಕಿಸುಕಾಡು ಎಪ್ಪತ್ತರ ಮುಖ್ಯ ಊರು. ಚಾಲುಕ್ಯ ಅರಸ ಜಯಸಿಂಹನ ಅಕ್ಕ ಅಕ್ಕಾದೇವಿ ಈ ನಾಡನ್ನು ಆಳಿದಳು. ಸುಮಾರು 1050ರ ಅವಳ ಶಾಸನದಲ್ಲಿ ಸೂಡಿಯ ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲು ಎಂಬ ಮಾತು ಬರುತ್ತದೆ. ಊರು ತನ್ನ ವ್ಯವಹಾರವನ್ನು ತಾನೇ ನಡೆಸಿಕೊಳ್ಳುತ್ತಿತ್ತು, ಅದಕ್ಕೆ ಆಳುವವರ ಒಪ್ಪಿಗೆಯ ಬರಹವೂ ಇತ್ತು ಎಂಬುದು ಇದರಿಂದ ತಿಳಿಯುತ್ತದೆ. ಆ ಕಾಲದ ಕರ್ನಾಟಕದ ಶಾಸನಗಳಲ್ಲಿ ಬಾಲಶಿಕ್ಷೆಗೆ, ಅಕ್ಷರ ಕಲಿಸುವ ಅಕ್ಕರಿಗರಿಗೆ ಭೂಮಿ ಬಿಟ್ಟ ದಾಖಲೆಗಳಿವೆ. ಅಕ್ಕರಿಗನ ಹೊಟ್ಟೆಪಾಡು ಊರಿನ ಹೊಣೆ ಎಂದು ಕಲ್ಲಿನಲ್ಲಿ ಬರೆಸುವಷ್ಟು ಅದು ಗಂಭೀರ ಸಂಗತಿಯಾಗಿತ್ತು. ನನಗೆ ಈ ಒಂದು ವಿವರ ಗುಡಿಯ ಎಲ್ಲ ಕೆತ್ತನೆಗಿಂತ ದೊಡ್ಡದಾಗಿ ಕಾಣುತ್ತದೆ.

ಆದರೆ ಆ ಪಾಠಶಾಲೆಗಳಲ್ಲಿ ಮಕ್ಕಳು ಏನು ಬರೆದರು? ಅದು ತಿಳಿಯುವುದಿಲ್ಲ. ಬಹಳ ಮುಂದಿನ ಕಾಲದ ನಮ್ಮ ಐಗಳ ಮಠಗಳ ಬಗ್ಗೆಯೂ ಲೆಕ್ಕ ಸಿಗುವುದಿಲ್ಲ, ಆದರೆ ನೆರೆಯ ಬಳ್ಳಾರಿ ಜಿಲ್ಲೆಯ ಬಗ್ಗೆ ಒಂದು ಅಪರೂಪದ ವರದಿ ಇದೆ. 1823ರಲ್ಲಿ ಅಲ್ಲಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಜಿಲ್ಲೆಯ ಶಾಲೆಗಳನ್ನು ಎಣಿಸಿದ. ಒಟ್ಟು 533 ಶಾಲೆ, 6,641 ವಿದ್ಯಾರ್ಥಿಗಳು. ಅವುಗಳಲ್ಲಿ ಕನ್ನಡ ಶಾಲೆ 235, ತೆಲುಗು 226. ಅಷ್ಟು ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಅರವತ್ತೇ ಅರವತ್ತು. ಮರಳಿನ ಮೇಲೆ ಬೆರಳಿನಿಂದ ಬರೆಯುವುದು, ದೊಡ್ಡ ಹುಡುಗರು ಸಣ್ಣವರಿಗೆ ಕಲಿಸುವುದು, ಕಡತ, ಬಳಪ ಎಲ್ಲವನ್ನೂ ಆತ ನೋಡಿ ಬರೆದಿದ್ದಾನೆ. ಕಡಿಮೆ ಖರ್ಚಿನಲ್ಲಿ ಓದು ಬರಹ ಕಲಿಸುವ ಈ ಪದ್ಧತಿಯನ್ನು ಮೆಚ್ಚಿದ ಮೇಲೆ ಒಂದು ಕೊರತೆಯನ್ನೂ ಹೇಳಿದ್ದಾನೆ: ಮಕ್ಕಳು ಓದುವ ಪುಸ್ತಕಗಳು ಆಡುಮಾತಿನಿಂದ ಬಹಳ ದೂರದ ಪದ್ಯದ ಭಾಷೆಯಲ್ಲಿವೆ, ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಾರೆ.

ಪರದೇಶದ ಅಧಿಕಾರಿಯ ಮಾತೆಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅದು ಇಂದಿಗೂ ನಿಜ. ನಮ್ಮ ಮಕ್ಕಳು ಹತ್ತನೇ ಇಯತ್ತೆಯ ಪರೀಕ್ಷೆಗೆ ಪ್ರಬಂಧವನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಮಾಲಿನ್ಯ. ಪೀಠಿಕೆ, ವಿವರಣೆ, ಉಪಸಂಹಾರ. ಒಂದು ವರ್ಗದ ಎಲ್ಲ ಹುಡುಗರ ಉತ್ತರವೂ ಒಂದೇ. ಗ್ರಂಥಾಲಯದ ಮಹತ್ವ ಬರೆದ ಹುಡುಗ ತನ್ನೂರಿನ ಗ್ರಂಥಾಲಯದ ಬಾಗಿಲು ತುಳಿದಿರುವುದಿಲ್ಲ. ಎರಡು ನೂರು ವರ್ಷದಲ್ಲಿ ಮರಳು ಹೋಗಿ ಕಾಗದ ಬಂದಿತು, ನಕಲು ಮಾಡುವ ರೂಢಿ ಮಾತ್ರ ಹಾಗೇ ಉಳಿಯಿತು.

ನರಗುಂದಕ್ಕೆ ಬರೋಣ. ಬಾಬಾಸಾಹೇಬ ಎಂದು ನಾವು ಕರೆಯುವ ಇಲ್ಲಿಯ ಅರಸ ಭಾಸ್ಕರರಾವ್ ಭಾವೆಯವರನ್ನು ನಮ್ಮ ಮಕ್ಕಳು 1858ರ ಬಂಡಾಯದ ವೀರ ಎಂದು ಬಲ್ಲರು. ಬ್ರಿಟಿಷರು ದತ್ತಕಕ್ಕೆ ಅನುಮತಿ ನಿರಾಕರಿಸಿದ್ದು, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತ್ಯೆ, ಬೆಳಗಾವಿಯ ಗಲ್ಲು ಎಲ್ಲ ಪಾಠದಲ್ಲಿದೆ. ಅವರು ದೊಡ್ಡ ಪುಸ್ತಕ ಪ್ರೇಮಿ ಎಂಬುದನ್ನು ಹೇಳುವವರು ಕಡಿಮೆ. ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರವನ್ನು ಅವರು ನರಗುಂದದ ಅರಮನೆಯಲ್ಲಿ ಕೂಡಿಹಾಕಿದ್ದರೆಂದು ಅವರ ಎದುರಾಳಿಗಳಾದ ಬ್ರಿಟಿಷರೇ ಮೆಚ್ಚಿ ಬರೆದಿದ್ದಾರೆ. ಇಂದು ನರಗುಂದದಲ್ಲಿ ಆ ಭಂಡಾರವಿಲ್ಲ. ಒಬ್ಬನ ಮನೆಯಲ್ಲಿ ಕೂಡಿಟ್ಟ ವಿದ್ಯೆ ಆ ಮನೆಯೊಂದಿಗೇ ಹೋಗುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ನರಗುಂದ ಬೀಳುವುದಕ್ಕೆ ಎರಡು ವರ್ಷ ಮೊದಲು, 1856ರಲ್ಲಿ, ಧಾರವಾಡದಲ್ಲಿ ಇನ್ನೊಂದು ಸಂಗತಿ ನಡೆಯಿತು. ನಮ್ಮ ತಾಲ್ಲೂಕುಗಳು ಮುಂದೆ ಬಹಳ ಕಾಲ ಧಾರವಾಡ ಜಿಲ್ಲೆಯಲ್ಲೇ ಇದ್ದವು; ಗದಗ ಜಿಲ್ಲೆಯಾದದ್ದು 1997ರಲ್ಲಿ. ಮಹಾರ್ ಸಮುದಾಯದ ಒಬ್ಬ ಹುಡುಗ ತನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಹುಡುಗನ ಕಡೆ ಇದೆ ಎಂದು ಸರ್ಕಾರ ಒಪ್ಪಿತು, ಆದರೆ ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂದು ಪ್ರವೇಶ ಕೊಡಲಿಲ್ಲ. ಆ ಅರ್ಜಿಯ ಚರ್ಚೆ ಲಂಡನ್ನಿನವರೆಗೆ ಹೋಯಿತು. ಸರ್ಕಾರಿ ಶಾಲೆ ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕೆಂಬ ನಿಲುವು ಕಂಪನಿಯ ಆಡಳಿತದಿಂದ ಹೊರಬರಲು ಅದು ಕಾರಣವಾಯಿತು. ಅಂಬೇಡ್ಕರರು ಮುಂದೆ ಈ ಪ್ರಕರಣವನ್ನು ಎತ್ತಿ ಹೇಳಿದ್ದಾರೆ. ಆ ಹುಡುಗನ ಹೆಸರನ್ನು ಚರಿತ್ರೆ ಬರೆದಿಡಲಿಲ್ಲ. ನಮ್ಮ ಜಿಲ್ಲೆಯ ಎಳೆಯರ ಬರವಣಿಗೆಯ ಚರಿತ್ರೆಯನ್ನು ಯಾರಾದರೂ ಬರೆದರೆ ಮೊದಲ ಪುಟದಲ್ಲಿ ಆ ಅರ್ಜಿ ಇರಬೇಕು. ಬಾಯಿಪಾಠವಲ್ಲದ, ತನ್ನ ಬದುಕಿನಿಂದ ಬಂದ ಬರಹ ಅದು.

ಕನ್ನಡಕ್ಕೆ ಸರ್ಕಾರಿ ಶಾಲೆಯಲ್ಲಿ ಜಾಗ ಸಿಕ್ಕ ಕಥೆ ದೊಡ್ಡದು, ಬಹಳ ಸಲ ಹೇಳಿದ್ದಾರೆ, ಹಾಗಾಗಿ ಚುಟುಕಾಗಿ ಮುಗಿಸುತ್ತೇನೆ. ಮರಾಠಿಯ ಮೇಲುಗೈ ಇದ್ದ ಕಾಲದಲ್ಲಿ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಸ್ವಂತ ಖರ್ಚಿನಲ್ಲಿ ಕನ್ನಡ ಶಾಲೆ ತೆರೆದ. ಶಿಕ್ಷಣಾಧಿಕಾರಿ ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ನಿಲ್ಲಿಸಿದರು. ಧಾರವಾಡದ ಟ್ರೇನಿಂಗ್ ಕಾಲೇಜಿನಿಂದ ಕನ್ನಡ ಮಾಸ್ತರರು ಹೊರಬಂದರು. 1865ರಲ್ಲಿ ಶುರುವಾದ ‘ಮಠಪತ್ರಿಕೆ’ ಈ ಮಾಸ್ತರರ ಪತ್ರಿಕೆ; ವೆಂಕಟ ರಂಗೋ ಕಟ್ಟಿಯವರು ಅದನ್ನು ನಡೆಸಿದರು, ಮುಂದೆ ಅದೇ ‘ಜೀವನ ಶಿಕ್ಷಣ’ವಾಯಿತು. ಹಳ್ಳಿಯ ಮಾಸ್ತರ ತಾನು ಕಲಿಸಿದ್ದನ್ನು ತಾನೇ ಬರೆದು ಅಚ್ಚಿನಲ್ಲಿ ನೋಡಬಹುದಾದ ಪತ್ರಿಕೆ ಎಂಬುದು ಅದರ ದೊಡ್ಡತನ. ಬರೆಯದ ಮಾಸ್ತರ ಬರೆಯುವ ಶಿಷ್ಯನನ್ನು ಬೆಳೆಸಲಾರ.

1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಗೆಳೆಯರನ್ನು ಕೂಡಿಸಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಕನ್ನಡದಲ್ಲಿ ಒಳ್ಳೆಯ ಪುಸ್ತಕ ಬರೆದವರಿಗೆ ಬಹುಮಾನ ಕೊಡುವುದು, ಬರೆಸಿ ಅಚ್ಚು ಹಾಕಿಸುವುದು ಅದರ ಮೊದಲ ಕೆಲಸ. ‘ವಾಗ್ಭೂಷಣ’ ಪತ್ರಿಕೆ 1896ರಲ್ಲಿ ಬಂತು. ನಮ್ಮ ಹೊಳೆಆಲೂರು ಮನೆತನದ ಆಲೂರ ವೆಂಕಟರಾಯರು ತರುಣರಾಗಿದ್ದಾಗಲೇ ಆ ಪತ್ರಿಕೆಯ ಹೊಣೆ ಹೊತ್ತರು. 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದ ಕೈ ಪಳಗಿದ್ದು ಅಲ್ಲಿ. ರೋಣ ತಾಲ್ಲೂಕಿನವರು ಆಲೂರರನ್ನು ನಮ್ಮವರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರಿಗೆ ಬರೆಯುವ ನೆಲೆ ಸಿಕ್ಕದ್ದು ಧಾರವಾಡದಲ್ಲಿ, ರೋಣದಲ್ಲಲ್ಲ, ಎಂಬುದನ್ನೂ ಹೇಳಬೇಕು. ಕವಿ ಕಣವಿಯವರ ಕಥೆಯೂ ಅದೇ. ಗದಗ ತಾಲ್ಲೂಕಿನ ಹೊಂಬಳದಲ್ಲಿ 1928ರಲ್ಲಿ ಹುಟ್ಟಿದ ಹುಡುಗನಿಗೆ ಧಾರವಾಡದ ಮುರುಘಾಮಠದ ಪ್ರಸಾದನಿಲಯ ಅನ್ನ ಕೊಟ್ಟಿತು, ಧಾರವಾಡದ ಗೆಳೆಯರು ಕಿವಿ ಕೊಟ್ಟರು. ಬರೆಯುವ ಹುಡುಗ ಗಂಟು ಕಟ್ಟಿಕೊಂಡು ಧಾರವಾಡಕ್ಕೆ ಹೋಗಬೇಕು ಎಂಬುದು ನಮ್ಮ ಸೀಮೆಯಲ್ಲಿ ಒಂದು ಕಟ್ಟಳೆಯೇ ಆಗಿಬಿಟ್ಟಿತ್ತು. ಹೋಗಲಾರದವರು, ಅದರಲ್ಲೂ ಹೆಣ್ಣುಮಕ್ಕಳು, ಬರೆಯದೆ ಉಳಿದರು.

ಈ ಕಟ್ಟಳೆ ಮುರಿದ ಒಂದು ಹಳ್ಳಿ ಇದೆ, ಅದು ನಮ್ಮ ಜಿಲ್ಲೆಯದಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ ತಮ್ಮೂರಲ್ಲೇ ಕೂತು ಓದಿದರು, ಬರೆದರು, ಒಬ್ಬರದನ್ನು ಒಬ್ಬರು ತಿದ್ದಿದರು. ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ತಾಯಂದಿರು ಬೀಸುತ್ತ ಕುಟ್ಟುತ್ತ ಹಾಡಿದ್ದನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಲಿಂಗಾಯತರು ಮುಸಲ್ಮಾನರು ಕೂಡಿ, ಒಂದು ಹಳ್ಳಿಯ ಪಡಸಾಲೆಯಲ್ಲಿ, ಯಾವ ಸರ್ಕಾರದ ಹಣವೂ ಇಲ್ಲದೆ. ಬೇಂದ್ರೆಯವರ ಗೆಳೆಯರ ಗುಂಪು ಧಾರವಾಡದಲ್ಲಿ ಮಾಡಿದ್ದನ್ನು ಇವರು ಹಳ್ಳಿಯಲ್ಲಿ ಮಾಡಿ ತೋರಿಸಿದರು. ಕನ್ನಡದಲ್ಲಿ ತರುಣರ ಬರವಣಿಗೆಯ ಕೇಂದ್ರ ಎಂದು ಕರೆಯಬಹುದಾದದ್ದು ಯಾವುದಾದರೂ ಇದ್ದರೆ, ನನ್ನ ಎಣಿಕೆಯಲ್ಲಿ ಮೊದಲನೆಯದು ಹಲಸಂಗಿ.

ಹಾಗಾದರೆ ನಮ್ಮ ಮೂರು ತಾಲ್ಲೂಕು ಬರಿದಾಗಿದ್ದವೇ? ಇಲ್ಲ. ಇಲ್ಲಿ ಬರವಣಿಗೆ ನಡೆದದ್ದು ನಾಟಕದ ಹೆಸರಿನಲ್ಲಿ, ಅದನ್ನು ಸಾಹಿತ್ಯ ಎಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಜಾತ್ರೆ ಎರಡು ತಿಂಗಳು ಇದೆ ಎನ್ನುವಾಗ ಊರಿನ ಹುಡುಗರು ಕೂಡುತ್ತಿದ್ದರು. ಹೊಲದ ಕೆಲಸ ಮುಗಿಸಿ, ರೊಟ್ಟಿ ಉಂಡು, ಕಂದೀಲು ಹಚ್ಚಿಕೊಂಡು ಗುಡಿಯಲ್ಲೋ ಚಾವಡಿಯಲ್ಲೋ ಕೂತರೆ ನಡುರಾತ್ರಿಯ ತನಕ ತಾಲೀಮು. ದೊಡ್ಡಾಟವಾದರೆ ಪದ್ಯ, ಸಣ್ಣಾಟವಾದರೆ ಹಾಡು ಮತ್ತು ಮಾತು, ಕಂಪನಿ ನಾಟಕದ ಧಾಟಿಯದಾದರೆ ಉದ್ದುದ್ದ ಸಂಭಾಷಣೆ. ನಾಟಕದ ಮಾಸ್ತರ ಹಾರ್ಮೋನಿಯಂ ಹಿಡಿದು ಮಧ್ಯದಲ್ಲಿ. ಪ್ರತಿಯೊಬ್ಬನೂ ತನ್ನ ಪಾತ್ರದ ಮಾತನ್ನು ಬೇರೆ ವಹಿಯಲ್ಲಿ ಬರೆದುಕೊಳ್ಳಬೇಕು. ಸಾಲಿ ಬಿಟ್ಟು ಹತ್ತು ವರ್ಷವಾದ ಗಳೆಗಾರನೂ ಸೀಸದಕಡ್ಡಿ ಹಿಡಿದು ಬರೆಯಲು ಕೂಡುತ್ತಿದ್ದ. ಬರೆಯಲು ಬಾರದವನಿಗೆ ಪಕ್ಕದವನು ಬರೆದುಕೊಡುತ್ತಿದ್ದ, ಬರೆದುಕೊಡುವಾಗ ಒಂದೆರಡು ಮಾತು ಸೇರಿಸುತ್ತಿದ್ದ. ಹಾಸ್ಯದ ಪಾತ್ರದವನಿಗಂತೂ ಪೂರ್ತಿ ಸ್ವಾತಂತ್ರ್ಯ. ಊರಿನ ಸಾವುಕಾರ, ತಲಾಟಿ, ಬಡ್ಡಿಯವನು ಎಲ್ಲರೂ ಅವನ ಮಾತಿನಲ್ಲಿ ಬರುತ್ತಿದ್ದರು. ಹೀಗೆ ಸೇರಿಸುತ್ತ ಸೇರಿಸುತ್ತ ಕೆಲವರು ತಾವೇ ನಾಟಕ ಬರೆಯತೊಡಗಿದರು. ಹಳ್ಳಿಗೊಬ್ಬ ಕವಿ ಎಂದು ನಮ್ಮ ಕಡೆ ಹೇಳುವುದು ಉತ್ಪ್ರೇಕ್ಷೆಯಲ್ಲ. ನಾನು ಹುಡುಗನಾಗಿದ್ದಾಗ ಕೆಂಪು ಬಟ್ಟೆ ಸುತ್ತಿದ ಇಂಥ ವಹಿಗಳನ್ನು ಜಂತಿಯಿಂದ ಇಳಿಸಿ ಪೂಜೆಗೆ ಇಡುವುದನ್ನು ನೋಡಿದ್ದೇನೆ.

ಅವರ ಬೆನ್ನಿಗೆ ಗದಗಿನ ಅಚ್ಚುಕೂಟಗಳಿದ್ದವು. ಶಾಬಾದಿಮಠ ಬುಕ್ ಡಿಪೋ ಪುರಾಣ, ಬಯಲಾಟ, ನಾಟಕ, ಭಜನೆಯ ಪುಸ್ತಕಗಳನ್ನು ಅಗ್ಗದ ಕಾಗದದಲ್ಲಿ ಅಚ್ಚು ಹಾಕಿ ಜಾತ್ರೆ ಜಾತ್ರೆಗೆ ಮುಟ್ಟಿಸಿತು. ಸಂಕೇಶ್ವರ ಮನೆತನದ ಮುದ್ರಣಾಲಯದ ಶಬ್ದಕೋಶ ಉತ್ತರ ಕರ್ನಾಟಕದ ಸಾಲಿ ಹುಡುಗರ ಚೀಲದಲ್ಲಿತ್ತು. ಎತ್ತು ಕೊಳ್ಳಲು ಜಾತ್ರೆಗೆ ಹೋದವನು ಬರುವಾಗ ಒಂದು ನಾಟಕದ ಪುಸ್ತಕ ತರುತ್ತಿದ್ದ. ಎರಿ ಸೀಮೆಯ ರೈತ ಪುಸ್ತಕಕ್ಕೆ ದುಡ್ಡು ಕೊಡುವುದಿಲ್ಲ ಎನ್ನುವವರು ಈ ಚರಿತ್ರೆಯನ್ನು ನೋಡಬೇಕು.

ಈ ನಾಟಕದ ತಾಲೀಮಿನಲ್ಲಿ ಒಂದು ಬರವಣಿಗೆ ಕೇಂದ್ರಕ್ಕೆ ಬೇಕಾದ ಎಲ್ಲವೂ ಇತ್ತು: ಕೂಡುವ ಜಾಗ, ಗೊತ್ತಾದ ಹೊತ್ತು, ಪಕ್ಕದಲ್ಲಿ ಕೂತು ತಿದ್ದುವ ಒಬ್ಬ ಹಿರಿಯ, ಬರೆದದ್ದನ್ನು ಕೇಳಲು ಇಡೀ ಊರು. ಖರ್ಚು ಊರ ವಂತಿಗೆಯಿಂದ. ಇಲ್ಲದ್ದು ಎರಡು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ, ದಲಿತರ ಹುಡುಗರು ಬಹುತೇಕ ಹಲಗೆ ಬಾರಿಸಲಷ್ಟೇ ಬರಬೇಕಿತ್ತು. ಟಿವಿ ಬಂದು ತಾಲೀಮು ನಿಂತಿತು ಎಂದು ಹಿರಿಯರು ದುಃಖಿಸುತ್ತಾರೆ. ನನಗೂ ದುಃಖವಿದೆ. ಆದರೆ ಮರಳಿ ಕಟ್ಟುವುದಾದರೆ ಅದೇ ಬಾಗಿಲು, ಅದೇ ಚಿಲಕ ಇಟ್ಟು ಕಟ್ಟಬಾರದು.

ನರಗುಂದದ ಇನ್ನೊಂದು ಬಂಡಾಯ 1980ರದು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟಿರೆಂದು ಒತ್ತಾಯ ಬಂದಾಗ ರೈತರು ಎದ್ದರು. ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತೇವೆ. ರಾಜ್ಯದ ರೈತ ಚಳವಳಿಗೆ ಅದು ಹುಟ್ಟು ಕೊಟ್ಟಿತು. ನನಗೆ ಆ ಕಾಲದಲ್ಲಿ ಎದ್ದು ಕಂಡದ್ದು ಬರವಣಿಗೆ. ಕರಪತ್ರ, ಗೋಡೆ ಬರಹ, ಮನವಿ, ಲಾವಣಿ. ಎಂದೂ ಲೇಖನಿ ಹಿಡಿಯದ ಹುಡುಗರು ತಮ್ಮ ಹೊಲದ ಲೆಕ್ಕವನ್ನು, ಎಕರೆಗೆ ಬಂದದ್ದೆಷ್ಟು ಹೋದದ್ದೆಷ್ಟು ಎಂಬುದನ್ನು, ನೇರವಾಗಿ ಬರೆದರು. 2015ರಿಂದ ಮಹದಾಯಿ ನೀರಿಗಾಗಿ ನರಗುಂದದಲ್ಲಿ ವರ್ಷಗಟ್ಟಲೆ ನಡೆದ ಧರಣಿಯಲ್ಲೂ ಅಂಥ ಬರಹ ಹುಟ್ಟಿತು. ಹೇಳಲೇಬೇಕಾದ ಮಾತು ಇದ್ದಾಗ ನಮ್ಮ ಹುಡುಗರಿಗೆ ಪೀಠಿಕೆ ಉಪಸಂಹಾರ ಬೇಕಾಗುವುದಿಲ್ಲ. ಚಳವಳಿ ತಣ್ಣಗಾದಾಗ ಆ ಲೇಖನಿಗಳು ಎಲ್ಲಿ ಹೋದವು ಎಂದು ಯಾರೂ ವಿಚಾರಿಸಲಿಲ್ಲ.

ಮಕ್ಕಳು ತಮ್ಮ ಮಾತನ್ನು ತಾವೇ ಬರೆಯುವುದಕ್ಕೆ ಶಾಲೆಗಳಲ್ಲಿ ಒಂದು ಸಣ್ಣ ರೂಪವಿತ್ತು, ಕೈಬರಹದ ಪತ್ರಿಕೆ. ಡ್ರಾಯಿಂಗ್ ಹಾಳೆಯ ಮೇಲೆ ಒಳ್ಳೆಯ ಅಕ್ಷರದ ಹುಡುಗಿಯಿಂದ ಬರೆಸಿ, ಚಿತ್ರ ತೆಗೆಸಿ, ಹೊಲಿಗೆ ಹಾಕಿ, ಒಂದೇ ಪ್ರತಿ. ಅದರ ತಮ್ಮ ಗೋಡೆ ಪತ್ರಿಕೆ. ನಾನು ಹೋದಲ್ಲೆಲ್ಲ ಇದನ್ನು ನಡೆಸಿದೆ. ಮೊದಮೊದಲು ಮಕ್ಕಳು ಕೊಟ್ಟದ್ದೆಲ್ಲ ಎಲ್ಲಿಂದಲೋ ಇಳಿಸಿಕೊಂಡ ಸುಭಾಷಿತ. ಇದು ಬೇಡ, ನಿನ್ನೆ ನಿಮ್ಮ ಮನೆಯಲ್ಲಿ ಏನಾಯಿತು ಅದನ್ನು ಬರೆ ಎಂದೆ. ಗಜೇಂದ್ರಗಡದ ನೇಕಾರ ಮನೆಯ ಒಬ್ಬ ಹುಡುಗ ಮಗ್ಗದ ಕುಣಿಯಲ್ಲಿ ಅಪ್ಪನ ಕಾಲು ಊದಿಕೊಳ್ಳುವುದರ ಬಗ್ಗೆ ಬರೆದ. ರೋಣದ ಕಡೆಯ ಒಬ್ಬ ಹುಡುಗಿ, ಗೋವಾಕ್ಕೆ ದುಡಿಯಲು ಹೋದ ಅವ್ವ ಫೋನಿನಲ್ಲಿ ಮೊದಲು ಎಮ್ಮೆಯನ್ನು ವಿಚಾರಿಸಿ ಆಮೇಲೆ ತನ್ನನ್ನು ವಿಚಾರಿಸಿದ್ದನ್ನು ಬರೆದಳು. ಬರೆದದ್ದು ಮನೆಯ ಮಾತಿನಲ್ಲಿ: ಬರ್ತೀನಂದ್ಲು, ಅಳಬ್ಯಾಡಂದ್ಲು. ಅದಕ್ಕೆ ಕೆಂಪು ಶಾಯಿ ಹಾಕಿದ್ದರೆ ಆ ಹುಡುಗಿ ಮತ್ತೆ ಬರೆಯುತ್ತಿರಲಿಲ್ಲ. ನಾನು ಓದಿ, ಎಮ್ಮೆ ಈಗ ಹೇಗಿದೆ ಎಂದು ಕೇಳಿದೆ. ಮರುದಿನ ಎರಡು ಪುಟ ತಂದಳು. ಓದಿದವನು ಮೊದಲು ತಪ್ಪು ಹುಡುಕದೆ, ಬರೆದದ್ದರ ಬಗ್ಗೆ ಒಂದು ಪ್ರಶ್ನೆ ಕೇಳಬೇಕು. ಈ ಕಸುಬಿನ ಗುಟ್ಟು ಇಷ್ಟೇ. ಕಾಗುಣಿತ, ವ್ಯಾಕರಣ ಆಮೇಲೆ ತಾನಾಗಿ ಬರುತ್ತವೆ, ಏಕೆಂದರೆ ತನ್ನ ಮಾತು ಇನ್ನೊಬ್ಬರಿಗೆ ಸರಿಯಾಗಿ ಮುಟ್ಟಬೇಕೆಂಬ ಆಸೆ ಹುಟ್ಟಿರುತ್ತದೆ.

ಈ ಪತ್ರಿಕೆಗಳಿಗೆಲ್ಲ ಒಂದೇ ಗತಿ. ಮಾಸ್ತರ ವರ್ಗವಾದ, ಪತ್ರಿಕೆ ನಿಂತಿತು. ಕೆಲವು ಕಡೆ ಹಳೆಯ ಸಂಚಿಕೆಗಳು ರದ್ದಿಗೆ ಹೋದವು. ಇದು ಯಾರದೋ ಕೆಟ್ಟತನದಿಂದ ಆದದ್ದಲ್ಲ. ನರಗುಂದದ ಗ್ರಂಥ ಭಂಡಾರದಂತೆ ಅವೂ ಒಬ್ಬರ ಆಸರೆಯಲ್ಲಿ ನಿಂತಿದ್ದವು.

ಒಬ್ಬರ ಹಂಬಲವನ್ನು ಊರಿನ ಸಂಸ್ಥೆಯನ್ನಾಗಿ ಮಾಡುವುದು ಹೇಗೆ? ಇದರ ಉತ್ತರವೂ ನಮ್ಮ ಜಿಲ್ಲೆಯಲ್ಲೇ ಇದೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆ ಎಂದು ಅದನ್ನು ಎಲ್ಲರೂ ನೆನೆಯುತ್ತಾರೆ. ಪಾಟೀಲರು ಹೋದರೂ ಸಂಘ ಉಳಿಯಿತು, ಏಕೆಂದರೆ ಅದಕ್ಕೆ ಸದಸ್ಯರಿದ್ದರು, ವಹಿ ಇತ್ತು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಸಭೆ ಇತ್ತು. ಗದಗಿನ ತೋಂಟದಾರ್ಯ ಮಠದ ಉದಾಹರಣೆಯೂ ಇದೆ. 1974ರಲ್ಲಿ ಪೀಠಕ್ಕೆ ಬಂದ ಸಿದ್ಧಲಿಂಗ ಸ್ವಾಮಿಗಳು ವಾರವಾರದ ಶಿವಾನುಭವ ಗೋಷ್ಠಿಯನ್ನು, ಪುಸ್ತಕ ಪ್ರಕಟಣೆಯನ್ನು ಬೇರೂರಿಸಿದರು. 2018ರ ಅಕ್ಟೋಬರಿನಲ್ಲಿ ಅವರು ಲಿಂಗೈಕ್ಯರಾದ ಮೇಲೂ ಆ ಕೆಲಸ ನಿಲ್ಲಲಿಲ್ಲ. ನರಗುಂದ ತಾಲ್ಲೂಕಿನ ಭೈರನಹಟ್ಟಿಯ ದೊರೆಸ್ವಾಮಿ ವಿರಕ್ತಮಠ ಸಣ್ಣ ಹಳ್ಳಿಯಲ್ಲಿದ್ದುಕೊಂಡೇ ಕನ್ನಡದ ಕಾರ್ಯಕ್ರಮಗಳನ್ನು ನಡೆಸುತ್ತಿದೆ. ಇವೆಲ್ಲ ದೊಡ್ಡ ಕೆಲಸ. ಆದರೆ ಅಲ್ಲಿ ಮಕ್ಕಳು ಹೆಚ್ಚಾಗಿ ಕೇಳುವವರಾಗಿ ಕೂಡುತ್ತಾರೆ. ಬರೆಯುವವರಾಗಿ ಕೂಡಬೇಕು.

ಹೊರಗಿನ ಲೋಕದಲ್ಲಿ ಇದನ್ನು ಮಾಡಿ ತೋರಿಸಿದವರಿದ್ದಾರೆ. 2002ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ವೆಲೆನ್ಸಿಯಾ ಬೀದಿಯ 826ನೇ ನಂಬರಿನ ಕಟ್ಟಡದಲ್ಲಿ ಲೇಖಕ ಡೇವ್ ಎಗರ್ಸ್ ಮತ್ತು ಶಿಕ್ಷಕಿ ನಿನಿವೆ ಕ್ಯಾಲೆಗರಿ ಮಕ್ಕಳಿಗಾಗಿ ಲಾಭದ ಉದ್ದೇಶವಿಲ್ಲದ ಬರವಣಿಗೆ ಕೇಂದ್ರ ತೆರೆದರು. ಆ ಬೀದಿಯ ಜಾಗದಲ್ಲಿ ಅಂಗಡಿ ಇರಲೇಬೇಕೆಂಬ ನಿಯಮ ಅಡ್ಡಬಂತು. ಅವರು ಮುಂದಿನ ಕೋಣೆಯಲ್ಲಿ ಕಡಲ್ಗಳ್ಳರಿಗೆ ಬೇಕಾದ ಸಾಮಾನಿನ ಅಂಗಡಿ ಇಟ್ಟರು, ಹಿಂದಿನ ಕೋಣೆಯಲ್ಲಿ ಮಕ್ಕಳನ್ನು ಬರೆಯಲು ಕೂರಿಸಿದರು. ಸಂಬಳವಿಲ್ಲದೆ ಬರುವ ಊರಿನ ಜನ ಒಂದೊಂದು ಮಗುವಿನ ಪಕ್ಕ ಕೂಡುತ್ತಾರೆ. ಮಕ್ಕಳು ಬರೆದದ್ದನ್ನು ಚೆಂದದ ಪುಸ್ತಕವಾಗಿ ಅಚ್ಚು ಹಾಕುತ್ತಾರೆ. 2009ರಲ್ಲಿ ಡಬ್ಲಿನ್ನಿನಲ್ಲಿ ರಾಡಿ ಡಾಯ್ಲ್ ಮತ್ತು ಶಾನ್ ಲವ್, ಮರುವರ್ಷ ಲಂಡನ್ನಿನಲ್ಲಿ ನಿಕ್ ಹಾರ್ನ್‌ಬಿ ಮತ್ತು ಗೆಳೆಯರು ಇಂಥವೇ ಕೇಂದ್ರ ತೆರೆದರು. ಇದನ್ನು ಓದಿದಾಗ ನನಗೆ ಹೊಸದೆನಿಸಲಿಲ್ಲ. ದೊಡ್ಡ ಹುಡುಗ ಸಣ್ಣವನ ಪಕ್ಕ ಕೂಡುವುದು ಐಗಳ ಮಠದ ಪದ್ಧತಿ. ಊರ ಮುಂದೆ ಓದಿ ತೋರಿಸುವುದು ತಾಲೀಮಿನ ಪದ್ಧತಿ. ಅವರು ಹೆಚ್ಚಿಗೆ ಮಾಡಿದ್ದು ಎರಡು: ಎಲ್ಲ ಮಕ್ಕಳಿಗೂ ಬಾಗಿಲು ತೆರೆದರು, ಒಬ್ಬರು ಹೋದರೆ ನಿಲ್ಲದ ಹಾಗೆ ಸಂಸ್ಥೆ ಕಟ್ಟಿದರು.

ಹತ್ತಿರದಲ್ಲೂ ಕೆಲಸ ನಡೆದಿದೆ. ಧಾರವಾಡದಲ್ಲಿ ಶಂಕರ ಹಲಗತ್ತಿಯವರ ‘ಗುಬ್ಬಚ್ಚಿ ಗೂಡು’ ಮಕ್ಕಳ ಪತ್ರಿಕೆ ಈ ಭಾಗದ ಮಕ್ಕಳ ಬರಹಕ್ಕೆ ಜಾಗ ಕೊಟ್ಟಿತು. ಇನ್ನು ನಮ್ಮ ಊರುಗಳಲ್ಲೇ ಇರುವ ದೊಡ್ಡ ಅವಕಾಶ ಗ್ರಾಮ ಪಂಚಾಯಿತಿ ಗ್ರಂಥಾಲಯ. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಇವುಗಳ ಹೆಸರು ಅರಿವು ಕೇಂದ್ರ. ಕಟ್ಟಡ ಇದೆ, ದೀಪ ಇದೆ, ಪುಸ್ತಕ ಇದೆ, ಒಬ್ಬ ಮೇಲ್ವಿಚಾರಕರಿದ್ದಾರೆ. ಬರೆಯುವ ಒಂದು ಮೇಜು, ಪಕ್ಕದಲ್ಲಿ ಕೂಡುವ ಒಬ್ಬರು, ಇಷ್ಟು ಸೇರಿದರೆ ಸಾಕು. ಮಠದ ಪಡಸಾಲೆಗೆ ಕಾಲಿಡಲು ಹಿಂಜರಿಯುವ ಮಗುವೂ ಪಂಚಾಯಿತಿಯ ಕಟ್ಟಡಕ್ಕೆ ಹಕ್ಕಿನಿಂದ ಬರುತ್ತದೆ. 1856ರ ಹುಡುಗ ಕೇಳಿದ್ದು ಆ ಹಕ್ಕನ್ನೇ.

ಸಂಸ್ಥೆ ಕಟ್ಟುವುದು ಕಷ್ಟವೇನಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಕೂಡಿದರೆ ಸಂಘ ನೋಂದಾಯಿಸಬಹುದು. ಆ ಏಳರಲ್ಲಿ ಒಬ್ಬರು ನಿವೃತ್ತ ಶಿಕ್ಷಕರು, ಒಬ್ಬ ಅಂಗಡಿಕಾರ, ಒಬ್ಬ ರೈತ ಮಹಿಳೆ, ಒಬ್ಬ ಕಾಲೇಜು ಹುಡುಗಿ ಇರಲಿ ಎಂದು ನಾನು ಹೇಳುತ್ತೇನೆ. ಬರೀ ಸಾಹಿತಿಗಳೇ ಕೂಡಿದರೆ ಅದು ಸನ್ಮಾನದ ಸಂಘವಾಗುತ್ತದೆ. ವರ್ಗವಾಗುವ ನೌಕರರ ಕೈಯಲ್ಲಿ ಖಾತೆ ಇರಬಾರದು. ಹಣವನ್ನು ಕಟ್ಟಡಕ್ಕೆ ಹಾಕಬೇಡಿ. ವಹಿ, ಪೆನ್ನು, ವರ್ಷಕ್ಕೊಂದು ಅಚ್ಚಾದ ಪುಸ್ತಕ, ಇಷ್ಟಕ್ಕೆ ಇಡಿ. ಆ ಪುಸ್ತಕವನ್ನು ಊರ ಜಾತ್ರೆಯಲ್ಲಿ, ನಾಟಕದ ಪುಸ್ತಕ ಮಾರುತ್ತಿದ್ದ ಜಾಗದಲ್ಲೇ, ಮಕ್ಕಳೇ ನಿಂತು ಮಾರಲಿ. ಗದಗಿನಲ್ಲಿ ಅಚ್ಚು ಹಾಕುವವರು ಇಂದಿಗೂ ಇದ್ದಾರೆ. ಸ್ಪರ್ಧೆ, ಬಹುಮಾನ, ಪ್ರಮಾಣಪತ್ರ ಮೊದಲ ಕೆಲವು ವರ್ಷ ಬೇಡವೇ ಬೇಡ. ಬಹುಮಾನ ಇಟ್ಟ ದಿನ ಬಾಯಿಪಾಠ ಮರಳಿ ಬರುತ್ತದೆ.

ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. 1961ರಲ್ಲಿ ಕುಂದಣಗಾರರ ಅಧ್ಯಕ್ಷತೆಯಲ್ಲಿ, 2010ರಲ್ಲಿ ಗೀತಾ ನಾಗಭೂಷಣರ ಅಧ್ಯಕ್ಷತೆಯಲ್ಲಿ ಗದಗಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಲಕ್ಷಗಟ್ಟಲೆ ಜನ ಕೂಡುವ ಅಂಥ ಹಬ್ಬಗಳಿಗೆ ನಮ್ಮ ಜಿಲ್ಲೆ ಹಣವನ್ನೂ ದುಡಿಮೆಯನ್ನೂ ಧಾರಾಳವಾಗಿ ಕೊಟ್ಟಿದೆ. ಅದರ ಒಂದು ಪಾಲಿನಲ್ಲಿ ಮೂರೂ ತಾಲ್ಲೂಕಿನ ಪ್ರತಿ ಹೋಬಳಿಗೂ ಒಂದೊಂದು ಬರವಣಿಗೆಯ ಮನೆ ನಡೆಸಬಹುದು.

ನೀವು ರೋಣ, ನರಗುಂದ, ಗಜೇಂದ್ರಗಡದ ಯಾವುದೇ ಹಳ್ಳಿಯವರಾಗಿದ್ದರೆ ನನ್ನದೊಂದು ವಿನಂತಿ. ದುಡಿಯಲು ಬೆಂಗಳೂರು, ಪುಣೆ, ಗೋವಾ ಸೇರಿದ್ದರೂ ಸರಿ, ಊರಿಗೆ ಬಂದಾಗ ಅರಿವು ಕೇಂದ್ರಕ್ಕೆ ಹೋಗಿ. ನಾಲ್ಕು ಮಕ್ಕಳನ್ನು ಕರೆಯಿರಿ, ಅದರಲ್ಲಿ ಇಬ್ಬರಾದರೂ ಹುಡುಗಿಯರಿರಲಿ. ನಿನ್ನೆ ಮನೆಯಲ್ಲಿ ಏನಾಯಿತು ಎಂದು ಬರೆಯಲು ಹೇಳಿ, ಬರೆದದ್ದನ್ನು ಕೊನೆಯ ಸಾಲಿನವರೆಗೆ ಓದಿ, ಒಂದು ಪ್ರಶ್ನೆ ಕೇಳಿ. ಮುಂದಿನ ವಾರ ಅಲ್ಲಿ ಕೂಡಲು ಊರಲ್ಲೇ ಇರುವ ಒಬ್ಬರನ್ನು ಒಪ್ಪಿಸಿ ಹೋಗಿ.